ಕುರ್ಚಿ ತಿರುಗಿದರೆ ಒಲೆ ಹಚ್ಚಬೇಡ

ವೆಂಡೆಲ್,

ಸ್ಕೀ ಲಿಫ್ಟ್ ತಿರುಗಿಸಲು ಬೆಟ್ಟಕ್ಕೆ ಹೊರಟೆ. ನಿನಗೆ ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಲಿಲ್ಲ.

ತಂತಿಗೆ ತೂಗುವ ಲಿಫ್ಟಿನ ಕುರ್ಚಿಗಳು ಓಡುವುದು ಕಿಟಕಿಯಿಂದ ಕಂಡರೆ, ಊರು ತೆರೆಯಿತು ಅಂತ ನೀನು ಬೇಕರಿಗೆ ಓಡಬೇಡ. ವಾರಕ್ಕೊಮ್ಮೆ ತಿರುಗಿಸದಿದ್ದರೆ ಗಾಲಿಗಳು ಹಿಮಕ್ಕೆ ಕಚ್ಚಿಕೊಳ್ಳುತ್ತವೆ, ಅಷ್ಟೇ. ಕೊರೊನಾ ಬೀಗ ಇನ್ನೂ ತೆಗೆದಿಲ್ಲ. ಡೆನ್ವರಿನಿಂದ ಬರುವ ಪ್ರವಾಸಿಗರ ಕಾರುಗಳನ್ನು ಕಣಿವೆಯ ಬಾಯಲ್ಲೇ ವಾಪಸು ಕಳಿಸುತ್ತಿದ್ದಾರೆ. ಕೌಂಟಿ ಆಡಳಿತದವರು ನಿನ್ನೆಯೂ "ನಾಳೆ ಹೇಳ್ತೀವಿ" ಅಂದರು. ಅವರ ನಾಳೆಗಿಷ್ಟು ಬೆಂಕಿ ಹಾಕ.

ಹಿಟ್ಟು ಮುಟ್ಟಬೇಡ, ಉಳಿದಿರುವುದು ಅದೊಂದೇ ಮೂಟೆ. ಹೋದ ವಾರ ನೀನು ಬೇಯಿಸಿ ರಾಶಿ ಹಾಕಿದ ಬ್ರೆಡ್ಡೇ ಇನ್ನೂ ಮುಗಿದಿಲ್ಲ. ಸೂಪಿಗೆ ಅದ್ದಿಕೊಂಡು ತಿನ್ನು, ಹಲ್ಲು ಜೋಪಾನ.

ಸ್ಕೀ ಬಾಡಿಗೆ ಅಂಗಡಿಯ ಎರ್ನಿ ಬಂದು "ಕುರ್ಚಿ ತಿರುಗ್ತಾ ಇವೆ ಕಣಯ್ಯಾ, ಏಳೋ ಏಳು!" ಅಂತ ಬಾಗಿಲು ಬಡಿದರೆ ತೆರೆಯಬೇಡ. ಹೋದ ವಾರ ಅವನೂ ನಿನ್ನ ಹಾಗೇ ಕುಣಿದ. ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತ.

ಬೆಟ್ಟದ ಮೇಲೆ ಫೋನ್ ಸಿಗುವುದಿಲ್ಲ. ಅಲ್ಲಿಂದ ನನಗೆ ಕಾಣುವುದು ನಮ್ಮ ಬೇಕರಿಯ ಚಿಮಣಿ ಮಾತ್ರ. ಹೋದ ವಾರ ಅವತ್ತು ಲಿಫ್ಟ್ ನಿಲ್ಲಿಸಲು ಗುಂಡಿಯ ಮೇಲೆ ಕೈ ಇಟ್ಟಿದ್ದೆ. ಆಗ ಚಿಮಣಿಯಲ್ಲಿ ಹೊಗೆ ಕಂಡಿತು. ಊರು ತೆರೆದೇಬಿಟ್ಟಿತು ಅಂದುಕೊಂಡು ಮಧ್ಯಾಹ್ನದವರೆಗೂ ಓಡಿಸಿದೆ, ವೆಂಡೆಲ್. ಒಬ್ಬಳೇ ನಗುತ್ತಾ.

ನೀನು ಕುರ್ಚಿ ನೋಡಿ ನಂಬಿದೆ, ನಾನು ನಿನ್ನ ಹೊಗೆ ನೋಡಿ ನಂಬಿದೆ.

ನಿಜವಾಗಿ ಆದೇಶ ಬಂದರೆ ಒಲೆ ಹಚ್ಚುವುದು ಬೇಡ, ನೀನೇ ಹತ್ತಿ ಬಾ. ಇನ್ನೊಂದು ಸಲ ಹೊಗೆಯನ್ನು ನಂಬುವ ಶಕ್ತಿ ನನ್ನಲ್ಲಿಲ್ಲ.

ಡಾರ್ಲಾ