ನಾಲ್ಕನೇ ನಂಬರ್ ಕೋವಿ

9-1-63, ಬುಧವಾರ

ಇವತ್ತೂ ರಾಮಣ್ಣ ಕೋವಿಯ ಹಿಂಬದಿಯ ಮರಕ್ಕೆ ಟವೆಲ್ ಸುತ್ತಿಕೊಂಡೇ ಮಲಗಿದ. ಮೂರು ದಿನದಿಂದ ಇದೇ. ಮೂರು ಜನಕ್ಕೆ ಒಂದು ಕೋವಿ. ನಾಲ್ಕನೇ ನಂಬರಿಗೆ ನಾನು, ಪಾಪಯ್ಯ, ಇವನು. ಗುರಿ ಹಿಡಿಯುವಾಗ ಕೆನ್ನೆಯನ್ನು ಮರಕ್ಕೆ ಒತ್ತಲೇಬೇಕು. ನನ್ನ ಕೆನ್ನೆ ಒತ್ತಿದ ಕಡೆ ಪಟೇಲರ ಮಗನ ಕೆನ್ನೆ ಒತ್ತಬೇಕು. ಅದಕ್ಕೇ ಟವೆಲ್.

ಹವಾಲ್ದಾರ್ ಕೃಷ್ಣಪ್ಪ ನೋಡಿದರು. ಬಂದವರೇ ಟವೆಲ್ ಕಿತ್ತು ಬೇಲಿಗೆ ಎಸೆದರು.

"ಏನ್ಲಾ, ಬಾಣಂತಿಗೆ ಆಸ್ದಂಗೆ ಆಸ್ಕಂಡಿದ್ದೀಯ? ಕೆನ್ನೆ ಮರಕ್ಕೆ ಅಂಟ್ಬೇಕು ಕಣ. ಇಲ್ದಿದ್ರೆ ಒದ್ದು ದವಡೆ ಕಿತ್ತಾಕ್ತದೆ."

"ಬೆವ್ರು ಸಾ..."

"ಯಾರ್ದು?"

ರಾಮಣ್ಣ ಬೇಲಿ ಕಡೆ ತಿರುಗಿದ. ಪಾಪಯ್ಯ ಕಿಸಕ್ಕೆಂದ. ನನಗೆ ನಗು ಬರಲಿಲ್ಲ. ಕೋವಿ ತಿರುಗಿಸಿ ಅವನ ಮೂತಿಗೇ ಕೊಡೋಣ ಅನ್ನಿಸಿತು.

11-1-63, ಶುಕ್ರವಾರ

ಕೋವಿ ಕಲಿಸುವ ಸರ್ಕಾರಿ ಕ್ಯಾಂಪು ಹೊಳೆನರಸೀಪುರದ ಆಚೆ, ಕಲ್ಲುಗುಡ್ಡದ ಬುಡದಲ್ಲಿ. ಚೀನಾದವರ ಗಲಾಟೆ ಆದಾಗಿನಿಂದ ಎಲ್ಲರಿಗೂ ಕೋವಿ ಕಲಿಯುವ ಹುಚ್ಚು. ಅರಕಲಗೂಡಿನವರಿದ್ದಾರೆ, ಚನ್ನರಾಯಪಟ್ಟಣದವರಿದ್ದಾರೆ. ಒಟ್ಟು ಮೂವತ್ತು ಜನ. ನಮ್ಮ ಕೇರಿಯಿಂದ ನಾವಿಬ್ಬರೇ — ನಾನು, ನನ್ನ ದೊಡ್ಡವ್ವನ ಮಗ ಪಾಪಯ್ಯ. ಅವನಿಗೆ ಇಷ್ಟವಿರಲಿಲ್ಲ. ರಾಮನಾಥಪುರದಲ್ಲಿ ಹೊಗೆಸೊಪ್ಪು ವಿಂಗಡಿಸುತ್ತಿದ್ದವನನ್ನು ನಾನೇ ಬಿಡಿಸಿ ಎಳೆದು ತಂದೆ. ಒಬ್ಬನೇ ಬರಲು ಹೆದರಿಕೆ... ಅಲ್ಲ. ಜೊತೆಗೆ ಇರಲಿ ಅಂತ.

ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಬಾಗಿಲ ಹತ್ತಿರ ಕೂರಿಸಿದ ಮೇಷ್ಟ್ರ ಮೇಲೆ ಸ್ಲೇಟು ಎಸೆದೆ, ಮನೆಗೆ ಬಂದೆ. ಮುಗೀತು. ಇಲ್ಲಿ ಬಾಗಿಲೇ ಇಲ್ಲ. ಎಲ್ಲರೂ ಒಂದೇ ಮಣ್ಣಿನಲ್ಲಿ ಹೊಟ್ಟೆ ಊರಿ ಮಲಗಬೇಕು.

ಇವತ್ತಿನ ಪಾಠ. ಕೋವಿ ಕೈಗೆ ಬಂದ ತಕ್ಷಣ ಹಿಂದಿನ ಚಿಲಕ, ಅಂದರೆ ಬೋಲ್ಟ್, ತೆಗೆದು ಒಳಗೆ ನೋಡು. ಖಾಲಿ ಅಂತ ಯಾರೇ ಹೇಳಲಿ, ನಂಬಬೇಡ. ಮೂತಿ ಯಾವಾಗಲೂ ಗುಡ್ಡದ ಕಡೆ. ಗುರಿ ಕೂರುವ ತನಕ ಬೆರಳು ಟ್ರಿಗರಿನಿಂದ ಹೊರಗೆ. ಆಮೇಲೆ ಇನ್ನೊಂದು ಹೇಳಿದರು —

"ಬಯಲ್ನಾಗೆ ಏನಾರ ಎಡವಟ್ಟು ಕಂಡ್ರೆ 'ನಿಲ್ಸಿ' ಅಂತ ಕೂಗ್ಬೇಕು. ಯಾರ್ ಬೇಕಾದ್ರೂ ಕೂಗ್ಬೋದು. ಕೂಗಿದ್ ತಕ್ಷಣ ಎಲ್ರೂ ನಿಲ್ಸ್ಬೇಕು. ನಾನೂವೆ. ಯಾವ್ ಸಾಯೇಬ್ರಿದ್ರೂವೆ."

ಕೇಳಿದೆ: "ನಾನ್ ಕೂಗುದ್ರೂ ನಿಲ್ಲಿಸ್ತಾರಾ ಸಾ?"

"ನೀನ್ ಕೂಗುದ್ರೂ ಕಣ್ಲಾ."

ಮನೆಗೆ ಬರುವಾಗ ಪಾಪಯ್ಯ ದಾರಿಯಲ್ಲಿ ಎದುರು ಬಂದ ಗಾಡಿಗೆಲ್ಲ "ನಿಲ್ಸೀ" ಅಂತ ಕೂಗಿದ. ಒಬ್ಬ ನಿಜವಾಗಲೂ ನಿಲ್ಲಿಸಿದ. ಇಳಿದು ಬಂದು ಬಾರುಕೋಲು ಎತ್ತಿದ. ಗದ್ದೆ ಬಿದ್ದು ಓಡಿದೆವು.

14-1-63, ಸೋಮವಾರ

ಸಂಕ್ರಾಂತಿ. ಕ್ಯಾಂಪಿಲ್ಲ. ಬೆಟ್ಟಮ್ಮ ದೊಡ್ಡವ್ವ ಎಳ್ಳು ಬೆಲ್ಲ ಕೊಟ್ಟಳು. ಕೊಟ್ಟು ಕೈ ಹಿಡಿದುಕೊಂಡಳು.

"ಲಕ್ಕ, ಅದೇನ್ ಕೋವಿ ಸಾವಾಸವೋ ನಂಗೊತ್ತಿಲ್ಲ. ಕರ್ಕಂಡೋದೋನು ನೀನು. ನೀನೇ ನೋಡ್ಕಬೇಕು ನನ್ ಕೂಸ್ನ."

"ಕೂಸಂತೆ! ಮೀಸೆ ಬಂದೈತೆ ನಿನ್ ಕೂಸ್ಗೆ" ಅಂದೆ.

17-1-63, ಗುರುವಾರ

ಕೋವಿಯ ಮೂತಿಯ ಮೇಲೆ ಒಂದು ನಯಾಪೈಸೆ ಇಟ್ಟು ಟ್ರಿಗರ್ ಒತ್ತಿಸುತ್ತಾರೆ. ಗುಂಡಿಲ್ಲದೆ. ಪೈಸೆ ಬೀಳಬಾರದು. ನನ್ನದು ಎಂಟು ಸಲ ಬಿತ್ತು. ಪಾಪಯ್ಯನದು ಒಂದು ಸಲವೂ ಇಲ್ಲ. ಸೊಪ್ಪು ವಿಂಗಡಿಸಿದ ಕೈ, ನಡುಗುವುದಿಲ್ಲ.

ಮಧ್ಯಾಹ್ನ ನಿಜವಾದ ಗುಂಡು. ತಲೆಗೆ ಐದು. ಪಾಪಯ್ಯ ಮೂರನ್ನು ಗುರಿಹಲಗೆಯ ನಡುವಿನ ಕಪ್ಪಿಗೇ ಹೊಡೆದ. ನಂದು ಒಂದೂ ಇಲ್ಲ.

"ನೀನ್ ಸಿಟ್ನಾಗೆ ಎಳೀತೀಯ ಕಣ" ಅಂದರು ಹವಾಲ್ದಾರ್. "ಅರ್ಧ ಉಸ್ರು ಬುಡು. ತಡ್ಕೊ. ಅಸೀನ್ ಕೆಚ್ಲು ಮುಟ್ದಂಗೆ ಮೆತ್ಗೆ ಒತ್ತು. ಯಾರ್ ಮ್ಯಾಲ್ಲಾ ನಿಂಗಿಷ್ಟ್ ಕೋಪ?"

ಪಟ್ಟಿ ಓದುತ್ತಾ ಕೂತರೆ ಸಂಜೆಯಾಗುತ್ತದೆ.

22-1-63, ಮಂಗಳವಾರ, ಸಂಜೆ

ಕೋವಿ ಒರೆಸುವ ಸರದಿ ಇವತ್ತು ರಾಮಣ್ಣನದು. ಎಲ್ಲರೂ ಹೊರಟಿದ್ದರು. ನಾನು ಕಂಬಳಿ ಮರೆತು ವಾಪಸ್ ಹೋದೆ. ಷೆಡ್ಡಿನ ಹಿಂದೆ ಕೂತಿದ್ದ. ನಾಲ್ಕನೇ ನಂಬರ್ ತೊಡೆ ಮೇಲೆ. ಪಕ್ಕದಲ್ಲಿ ಹಿತ್ತಾಳೆ ಚೊಂಬು. ಗಂಜಲದ ವಾಸನೆ.

ಕೆನ್ನೆ ತಾಗುವ ಮರ ತೊಳೆದ. ಆಮೇಲೆ ನಳಿಗೆ. ನಳಿಗೆಯ ಒಳಗೆ ಒರೆಸಲು ಒಂದು ಹುರಿಯಿದೆ, ಅದರ ತುದಿಗೆ ಬೆರಳಗಲದ ಚಿಂದಿ ಕಟ್ಟಿ ಎಳೆಯಬೇಕು. ಇವನು ಅಂಗೈಯಗಲದ ಬಟ್ಟೆಯನ್ನು ಗಂಜಲದಲ್ಲಿ ಅದ್ದಿ, ಮಡಿಸಿ ಕಟ್ಟಿದ. ನಮ್ಮ ಮೈಲಿಗೆ ಅಷ್ಟು ದಪ್ಪ. ಎಳೆದ. ಅರ್ಧಕ್ಕೆ ಸಿಕ್ಕಿಕೊಂಡಿತು. ಕಾಲು ಕೊಟ್ಟು ಎಳೆದ. ಹುರಿ ಕಿತ್ತು ಕೈಗೆ ಬಂತು. ಬಟ್ಟೆ ಒಳಗೇ ಉಳಿಯಿತು. ಕಡ್ಡಿ ಹಾಕಿ ತಿವಿದ, ಬರಲಿಲ್ಲ. ತಿರುಗಿದರೆ ನಾನು.

"ಏನ್ಲಾ ನೋಡ್ತಾ ನಿಂತಿದ್ದೀಯ?"

"ಕಂಬ್ಳಿ."

"ಬಾಯ್ ಬುಟ್ಟೀಯ, ಉಷಾರು."

ಕೋವಿಯನ್ನು ಒಳಗೆ ಒರಗಿಸಿ ಹೋದ.

ಹವಾಲ್ದಾರ್ ಡೇರೆಯಲ್ಲೇ ಇದ್ದರು. ಇಪ್ಪತ್ತು ಹೆಜ್ಜೆ. ಹೇಳಲಿಲ್ಲ. ನಾಳೆ ಮೊದಲ ಸಾಲಿನಲ್ಲಿ ನಾಲ್ಕನೇ ನಂಬರ್ ರಾಮಣ್ಣನಿಗೇ. ಒಳಗೆ ಏನಾದರೂ ಸಿಕ್ಕಿಕೊಂಡಿದ್ದರೆ ನಳಿಗೆ ಸಿಡಿಯುತ್ತದೆ ಅಂತ ಹವಾಲ್ದಾರ್ ದಿನಾ ಬೆಳಿಗ್ಗೆ ಒಂದೊಂದು ನಳಿಗೆಯನ್ನೂ ಆಕಾಶಕ್ಕೆ ಹಿಡಿದು ನೋಡುತ್ತಾರೆ. ಬಟ್ಟೆ ಸಿಗುತ್ತದೆ. ಯಾರು ತುರುಕಿದ್ದು, ಯಾಕೆ ಅಂತ ಕೇಳುತ್ತಾರೆ. ಮೂವತ್ತು ಜನರೆದುರು ಪಟೇಲರ ಮಗ ಅವನ ಬಾಯಿಂದಲೇ ಹೇಳಬೇಕು. ಅದನ್ನು ನಾನು ಕೇಳಬೇಕು.

23-1-63, ಬುಧವಾರ, ಬೆಳಿಗ್ಗೆ 6

ಖುಷಿಗೆ ನಿದ್ದೆಯೇ ಇಲ್ಲ. ಪಾಪಯ್ಯನಿಗೂ ಹೇಳಿಲ್ಲ. ಹೇಳಿದರೆ ಓಡಿಹೋಗಿ ಹವಾಲ್ದಾರಿಗೆ ಮುಟ್ಟಿಸುತ್ತಾನೆ, ಹೆಂಗರುಳಿನವನು. ಯಾರೋ ದೊಡ್ಡ ಸಾಹೇಬರು ಬರುತ್ತಾರಂತೆ. ಬರಲಿ. ಅವರೂ ಕೇಳಲಿ.

25-1-63, ಶುಕ್ರವಾರ

ಬರೆಯಬೇಕು. ಬೇರೆ ಯಾರಿಗೆ ಹೇಳಲಿ.

ಬುಧವಾರ ಸಾಹೇಬರ ಜೀಪು ಒಂದು ಗಂಟೆ ಮೊದಲೇ ಬಂತು. ಹವಾಲ್ದಾರ್ ಇನ್ನೂ ಬೂಟು ಕಟ್ಟುತ್ತಿದ್ದರು. ನಳಿಗೆ ನೋಡುವುದು ಆಗಲಿಲ್ಲ. ಓಡಾಡಿ ಸಾಲು ನಿಲ್ಲಿಸಿದರು. ರಾಮಣ್ಣ ನಾಲ್ಕನೇ ನಂಬರಿನ ಪಕ್ಕ ನಿಂತಿದ್ದ, ಮುಖ ಸುಣ್ಣ. ಸಾಹೇಬರ ಜೊತೆ ಕ್ಯಾಮೆರಾದವನು. ಸಾಹೇಬರು ಹೇಳಿದರು — "ಹರಿಜನ ಹುಡುಗರು ಯಾರಿದ್ದಾರೆ? ಮೊದಲು ಅವರು ಹೊಡೆಯಲಿ. ಪೇಪರಿಗೆ ಚೆನ್ನಾಗಿರುತ್ತೆ."

"ರಾಮಣ್ಣ, ಇಂದಕ್ಕೋಗು. ಪಾಪಯ್ಯ, ಬಾರ್ಲಾ" ಅಂದರು ಹವಾಲ್ದಾರ್. ಚೆನ್ನಾಗಿ ಹೊಡೆಯುತ್ತಾನೆ ಅಂತ ಅವನನ್ನು ಕರೆದರು.

ಪಾಪಯ್ಯ ಬೋಲ್ಟ್ ತೆಗೆದ. ಒಳಗೆ ನೋಡಿದ, ಗುಂಡಿನ ಜಾಗ ಖಾಲಿ. ಅಷ್ಟೇ ನೋಡಲು ಟೈಮಿದ್ದದ್ದು. ಕ್ಯಾಮೆರಾದವನು "ಬೇಗ, ಬಿಸ್ಲು ಬತ್ತೈತೆ" ಅಂತಿದ್ದ.

ನಾನು ಹತ್ತು ಹೆಜ್ಜೆ ಹಿಂದೆ. ಬಾಯಿ ತೆರೆದೆ. ಕೂಗಿದರೆ ಕೇಳುತ್ತಾರೆ — ನಿನಗೆ ಹೇಗೆ ಗೊತ್ತು? ನಿನ್ನೆ ಯಾಕೆ ಹೇಳಲಿಲ್ಲ? ನೀನೇ ತುರುಕಿದ್ದಾ? ರಾಮಣ್ಣನ ಕಡೆ ನೋಡಿದೆ. ಇವನು ಕೂಗುತ್ತಾನೆ, ಕೂಗಲೇಬೇಕು. ಅವನು ನನ್ನ ಕಡೆ ನೋಡುತ್ತಿದ್ದ. ಅವನು ಕೂಗಲಿ ಅಂತ ನಾನು. ನಾನು ಕೂಗಲಿ ಅಂತ ಅವನು.

ಸದ್ದು ಬೇರೆ ಥರ ಬಂತು. ನಳಿಗೆ ಮಧ್ಯಕ್ಕೆ ಸೀಳಿ ಹೋಗಿತ್ತು. ಎಡಗೈ ಅಲ್ಲೇ ಇತ್ತು. ಮೂರು ಬೆರಳು ಹೋಗಿದ್ದವು.

ಪಾಪಯ್ಯ ಅಳಲಿಲ್ಲ. ಎದ್ದು ಕೂತು ಕೈ ನೋಡಿಕೊಂಡ. ನನ್ನನ್ನು ಹುಡುಕಿ ಕೇಳಿದ: "ಲಕ್ಕ, ನಾನೇನ್ಲಾ ತಪ್ ಮಾಡ್ದೆ?"

ಅದೇ ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ಸಾಗಿಸಿದರು.

5-2-63, ಮಂಗಳವಾರ

ಭಾನುವಾರ ಮಣ್ಣು ಮಾಡಿದೆವು.

ಗಾಯ ಒಣಗುತ್ತಿತ್ತು. ಗುರುವಾರ ದೊಡ್ಡವ್ವ ಗಂಜಿ ಕುಡಿಸಲು ಹೋದರೆ ಬಾಯಿ ತೆರೆಯಲಿಲ್ಲ. ತಮಾಷೆ ಮಾಡುತ್ತಾನೆ ಅಂತ ಬೈದಳಂತೆ. ಧನುರ್ವಾಯು. ಮೈ ಬಿಲ್ಲಾಯಿತು. ಕೊನೆಯ ದಿನ ನಾನೂ ಪಕ್ಕದಲ್ಲಿದ್ದೆ. ಕಣ್ಣು ಮಾತ್ರ ತಿರುಗುತ್ತಿತ್ತು. ನಾನು ಗೋಡೆ ನೋಡಿಕೊಂಡು ಕೂತೆ.

ಹತ್ತೊಂಬತ್ತು ವರ್ಷ.

9-2-63, ಶನಿವಾರ

ಚಾವಡಿಯಲ್ಲಿ ರಿಪೋರ್ಟು ಓದಿದರು. ಕೋವಿಯ ಮೂತಿಯನ್ನು ನೆಲಕ್ಕೆ ಊರಿ ಮಣ್ಣು ತುಂಬಿಸಿಕೊಂಡಿದ್ದಾನೆ, ಮೃತನ ಅಜಾಗರೂಕತೆಯೇ ಕಾರಣ. ಸರಿಯಾಗಿ ಕಲಿಸಲಿಲ್ಲ ಅಂತ ಹವಾಲ್ದಾರರನ್ನು ಮನೆಗೆ ಕಳಿಸುತ್ತಾರಂತೆ.

ಪಾಪಯ್ಯ ಒಂದು ದಿನವೂ ಮೂತಿಯನ್ನು ನೆಲಕ್ಕೆ ತಾಗಿಸಿದವನಲ್ಲ.

ದೊಡ್ಡವ್ವ ಅಲ್ಲೇ ಕೆಳಗೆ ನಿಂತಿದ್ದಳು. ಕೈ ಮುಗಿದಳು. "ಸರ್ಕಾರದ್ ಕೋವಿ ಆಳ್ ಮಾಡ್ಬುಟ್ಟ ನನ್ ಮಗ, ತಪ್ಪಾಯ್ತು ಬುದ್ಧಿ" ಅಂದಳು. ಕ್ಷಮಿಸಿ ಅಂತ ಕೇಳಿದಳು. ಆ ಜನರನ್ನು.

ರಾಮಣ್ಣನನ್ನು ಹುಡುಕಿಕೊಂಡು ಹೋದೆ. ನಾಲೆಯ ಏರಿ ಮೇಲೆ ಒಬ್ಬನೇ ಕೂತಿದ್ದ. ಕತ್ತಿನ ಪಟ್ಟಿ ಹಿಡಿದು ಎಬ್ಬಿಸಿದೆ. ಬಿಡಿಸಿಕೊಳ್ಳಲಿಲ್ಲ.

"ಒಡಿ" ಅಂದ. "ನಾನ್ ಕೂಗ್ನಿಲ್ಲ. ನೀನ್ ಕೂಗುದ್ಯಾ?"

ಕೈ ಏಳಲಿಲ್ಲ. ಅವನು ಅಳುತ್ತಿದ್ದ. ಅವನು ಅಳುವುದನ್ನು ನೋಡಿದರೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ.

12-2-63, ಮಂಗಳವಾರ

ಹವಾಲ್ದಾರ್ ಚನ್ನರಾಯಪಟ್ಟಣದ ಬಸ್ಸು ಕಾಯುತ್ತಿದ್ದರು. ಟ್ರಂಕಿನ ಮೇಲೆ ಕೂತಿದ್ದರು. ಎಲ್ಲ ಹೇಳಿದೆ. ಗಂಜಲ, ಬಟ್ಟೆ, ಹುರಿ, ನಾನು. ಹೊಡೆಯಲಿ ಅಂತ ಹತ್ತಿರವೇ ನಿಂತಿದ್ದೆ.

ಬಗ್ಗಿ ಬೂಟಿನ ದಾರ ಬಿಗಿದರು.

"ಇಪ್ಪತ್ ವರ್ಸದಿಂದ ನಳ್ಗೆ ನೋಡ್ದೆ ಗುಂಡ್ ಕೊಟ್ಟೋನಲ್ಲ ಕಣಪ್ಪ ನಾನು. ಅವತ್ತೊಂದ್ ದಿನ ನೋಡ್ನಿಲ್ಲ. ಜೀಪ್ ಬಂತು ಅಂತ."

"ನಾನ್ ಅವತ್ತೇ ಏಳಿದ್ರೆ ನಿಮ್ ಕೆಲ್ಸ..."

"ಕೆಲ್ಸ ಬುಡು. ಸಾಯೇಬ್ರಿಗೆ ನಾನ್ ಬರೀತೀನಿ. ನೀನೂ ಸೈನ್ ಆಕು." ಹಾಕಿದೆ. ಆಮೇಲೆ ಕೇಳಿದರು: "ಆ ತಾಯ್ಗೆ ಏಳುದ್ಯಾ?"

ಇಲ್ಲ ಅಂತ ತಲೆ ಆಡಿಸಿದೆ.

"ಅದ್ನ ನಾನ್ ಬರ್ಯಕ್ಕಾಗಲ್ಲ. ಮಗಂದೇ ತಪ್ಪು ಅನ್ಕಂಡು ಕೂತವ್ಳೆ. ನೀನೇ ಓಗ್ಬೇಕು."

ಬಸ್ಸು ಬಂತು. ಟ್ರಂಕು ಹತ್ತಿಸಿಕೊಟ್ಟೆ.

ನಿನ್ನೆಯೇ ಹೋಗಬೇಕಿತ್ತು. ಮೊನ್ನೆಯೇ. ಇವತ್ತೂ ದೊಡ್ಡವ್ವನ ಬಾಗಿಲ ತನಕ ಹೋಗಿ ವಾಪಸ್ ಬಂದೆ.

14-2-63, ಗುರುವಾರ

ಹೋದೆ.

ರಾಗಿ ಕೇರುತ್ತಿದ್ದಳು. "ಉಂಡ್ಯಾ ಲಕ್ಕ?" ಅಂದಳು. ಮೊದಲ ಮಾತೇ ಅದು. ಕೂರಲಿಲ್ಲ. ನಿಂತುಕೊಂಡೇ ಹೇಳಿದೆ, ಕೂತರೆ ಹೇಳಲಾಗುವುದಿಲ್ಲ ಅಂತ. "ದೊಡ್ಡವ್ವ, ಪಾಪಯ್ಯಂದ್ ತಪ್ಪಿಲ್ಲ. ಕೋವಿ ಒಳ್ಗೆ ಬಟ್ಟೆ ಇತ್ತು. ರಾಮಣ್ಣ ತುರುಕಿದ್ದು. ನಾನ್ ನೋಡಿದ್ದೆ."

ಮೊರ ನಿಂತಿತು.

"ನೋಡಿದ್ದೆ ಅಂದ್ರೆ?"

"ಮುಂಚಿನ್ ದಿನ್ವೇ. ಗೊತ್ತಿತ್ತು ನಂಗೆ. ಅವ್ನ್ ಮಲೀಕಂಡಾಗ್ಲೂ ಗೊತ್ತಿತ್ತು. ಕೂಗ್ನಿಲ್ಲ."

ಬೈಯಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. ಮೊರದಲ್ಲಿದ್ದ ರಾಗಿಯನ್ನು ಕೈಯಲ್ಲಿ ಸಮ ಮಾಡಿದಳು. ಮತ್ತೆ ಸಮ ಮಾಡಿದಳು. ಹೊರಗೆ ಯಾರೋ ಅವಳನ್ನು ಕೂಗಿದರು, ಓಗೊಡಲಿಲ್ಲ. ನನ್ನ ಮುಖ ನೋಡಲಿಲ್ಲ. ಆಮೇಲೆ ಒಂದೇ ಒಂದು ಕೇಳಿದಳು.

"ಮಲೀಕಳಕ್ ಮುಂಚೆ ಅವ್ನು ನಿನ್ ಕಡೀಕ್ ತಿರುಗ್ ನೋಡುದ್ನಾ?"

ಅದನ್ನು ಇಲ್ಲಿ ಬರೆದಿರಲಿಲ್ಲ. ಎಲ್ಲೂ ಬರೆದಿರಲಿಲ್ಲ.

ನೋಡಿದ. ಫೋಟೋ ತೆಗೀತಾರೆ ಅಂತ ಕೂದಲು ಸರಿ ಮಾಡಿಕೊಂಡು, ನನ್ನ ಕಡೆ ತಿರುಗಿ ನಕ್ಕ. ನಾನೂ ವಾಪಸ್ ನಕ್ಕೆ.