ವರ್ಲನ್‌ನ ಹುಳುಗಳ ಪೆಟ್ಟಿಗೆ

ವರ್ಲನ್,

ನಿನ್ನ ಶೆಡ್ಡಿನಲ್ಲಿದ್ದ, ಮೀನಿನ ಗಾಳಕ್ಕೆ ಸಿಕ್ಕಿಸುವ ರಬ್ಬರಿನಂಥ ಪ್ಲಾಸ್ಟಿಕ್ ಹುಳುಗಳ ಪೆಟ್ಟಿಗೆಯನ್ನು ಇವತ್ತು ತೆರೆದೆ. ನೀನು ಆಸ್ಪತ್ರೆಯಲ್ಲಿದ್ದಾಗ, ಜಾತಿಗೊಂದು ಚೀಲವೆಂಬ ನಿನ್ನ ಪದ್ಧತಿ ಬಿಟ್ಟು, ಎಲ್ಲವನ್ನೂ ಬಣ್ಣದ ಪ್ರಕಾರ ನಾನೇ ಜೋಡಿಸಿದ್ದೆ. ನೀನು ಮನೆಗೆ ಬಂದಾಗ ನೋಡಿ ಬೆರಗಾಗಲಿ ಎಂದು. ನೀನು ಬರಲೇ ಇಲ್ಲ.

ಎರಡು ಜಾತಿಯ ಪ್ಲಾಸ್ಟಿಕ್ ಒಂದಕ್ಕೊಂದು ತಾಗಿ, ಕರಗಿ, ಎಲ್ಲ ಒಂದೇ ಮುದ್ದೆಯಾಗಿತ್ತು.

ನಿನ್ನ ಹೆಂಡತಿ ಅರ್ಲೀನ್ ಇಣುಕಿದಳು. "ಅಯ್ಯೋ ಹಾಯ್ಟ್, ಇದೇನೋ ಎಲ್ಲ ಕಲಸಿ ಗಂಬೋ ಸಾರು ಮಾಡಿಟ್ಟಿದ್ದೀಯ! ವರ್ಲನ್ ಇದ್ದಿದ್ರೆ ನಿನ್ನನ್ನ ದೋಣಿಯಿಂದ ತಳ್ಳಿಬಿಡ್ತಿದ್ದ."

"ತಳ್ಳಲಿ ಬಿಡು, ಈಜೋದು ಗೊತ್ತು ನಂಗೆ," ಎಂದೆ.

ಹೊಸ ಹುಳು ತಂದು, ಜಾತಿಗೊಂದು ಚೀಲದಂತೆ ಜೋಡಿಸಿದ್ದೇನೆ. ನೀನೂ ಅದರಲ್ಲಿ ತಪ್ಪು ಹುಡುಕಲಾರೆ, ಪಣ ಕಟ್ಟುತ್ತೇನೆ.

ಮುದ್ದೆಯನ್ನು ಮಾತ್ರ ಎಸೆದಿಲ್ಲ. ದೋಣಿಯಲ್ಲಿ ನೀನು ಕೂರುತ್ತಿದ್ದ ಮುಂದಿನ ಸೀಟಿನ ಮೇಲಿಟ್ಟಿದ್ದೇನೆ. ಎಷ್ಟು ಬೈಯುತ್ತೀಯೋ ಬೈ.

ಹಾಯ್ಟ್