ಕೊನೇ ಸಾಲಿನ ಹಿಂದೆ ನಿಲ್ಲುವವನು

ಪ್ರೀತಿಯ ಮಾವನಿಗೆ,

ಭಾನುವಾರದ ನಿಮ್ಮ ಚುನಾವಣಾ ಸಭೆಗೂ ನಮ್ಮದೇ ಮೈಕ್ ಬೇಕು ಅಂತ ಡ್ರೈವರ್ ಬಂದು ಹೇಳಿಹೋದ. ತರ್ತೀವಿ, ಚಿಂತೆ ಬೇಡ. ಕೀ ಅಂತ ಕೂಗುತ್ತಿದ್ದ ಸ್ಪೀಕರ್ ರಿಪೇರಿ ಆಗಿದೆ.

ಹೋದ ಸಭೆಯಲ್ಲಿ ನೀವು, "ಗಂಡಸು ಗಂಡಸಿನ ಜೊತೆ ಸಂಸಾರ ಮಾಡೋದು ರೋಗ, ನಮ್ಮ ಕಡೆ ಅಂಥವರು ಒಬ್ಬರೂ ಇಲ್ಲ" ಅಂದ್ರಿ. ಜನ ಚಪ್ಪಾಳೆ ತಟ್ಟಿದರು. ಮಾರನೇ ದಿನ ಟೀವಿಯಲ್ಲಿ ಕೆಲವರು ನಿಮ್ಮನ್ನು ಬೈದರು, ನಿಮ್ಮವರು ಅವರನ್ನು ಬೈದರು. ಅಮ್ಮ ಟೀವಿ ಆರಿಸಿ, ಬೇಡ ಬೇಡ ಅಂದರೂ ನನಗೂ ನನ್ನ ಜೊತೆ ಮೈಕ್ ಕೆಲಸ ಮಾಡುವವನಿಗೂ ಇನ್ನೊಂದು ಸಲ ಬಡಿಸಿದಳು.

ನಮ್ಮ ಕೆಲಸದ ರೀತಿ ನಿಮಗೆ ಗೊತ್ತಲ್ಲ. ನಾನು ವೇದಿಕೆ ಪಕ್ಕ ಸೌಂಡ್ ನೋಡ್ಕೋತೀನಿ, ಅವನು ಕೊನೇ ಸಾಲಿನ ಹಿಂದೆ ನಿಲ್ತಾನೆ. ಮಾತು ಅಲ್ಲಿಗೆ ಮುಟ್ಟಿದರೆ ಕೈ ಎತ್ತುತ್ತಾನೆ, ಇಲ್ಲದಿದ್ದರೆ ನಾನು ಏರಿಸ್ತೀನಿ. ನೀವು ಅವನನ್ನು ನನ್ನ ಕೈಕೆಳಗಿನವನು ಅಂದುಕೊಂಡಿದ್ದೀರಿ. ನಿಮ್ಮ ತಂಗಿಗೆ ಗೊತ್ತು. ಅವನೇ ನನ್ನ ಸಂಸಾರ, ಮಾವ.

ಆವತ್ತು ಆ ಮಾತು ಆಡಿ, ವಾಡಿಕೆಯಂತೆ "ಹಿಂದಿನವರಿಗೆ ಕೇಳಿಸ್ತಾ?" ಅಂದ್ರಿ. ಅವನು ಕೈ ಎತ್ತಿದ. ನೀವು ನೋಡಿ ಖುಷಿಯಾಗಿ ತಲೆಯಾಡಿಸಿದ್ರಿ.

ಒಂದೇ ಕೋರಿಕೆ. ಭಾನುವಾರವೂ ಅದನ್ನೇ ಹೇಳೋದಿದ್ದರೆ ಹೇಳಿ, ನಾನು ಸೌಂಡ್ ಇಳಿಸಲ್ಲ. ಆದರೆ ಕೇಳಿಸ್ತಾ ಅಂತ ಮಾತ್ರ ಕೇಳಬೇಡಿ. ಕೆಲಸದಲ್ಲಿ ಅವನಿಗೆ ಸುಳ್ಳು ಬರಲ್ಲ. ಮತ್ತೆ ಕೈ ಎತ್ತುತ್ತಾನೆ.

ನಿಮ್ಮ ತೊಡೆ ಮೇಲೆ ಕೂತು ಮೊದಲ ಸಲ ಮೈಕ್ ಮುಟ್ಟಿದ,
ನಿಮ್ಮ ಸೋದರಳಿಯ